ಅಟ್ಟದ ಮೇಲಿರೋ ತುಪಾಕಿ ತಾತನದೇನಾ?

ಪ್ರಶ್ನೆ: ಸಾರ್ ನಮಸ್ಕಾರ, ನಮ್ದು ಚಿಂತಾಮಣಿ ತಾಲೂಕು. ನಮ್ ತಾತ ಮೈಸೂರು ಮಹಾರಾಜರ ಪಲ್ಟನ್‌ನಲ್ಲಿ ಇದ್ರು, ಎರಡನೇ ಮಹಾಯುದ್ಧಕ್ಕೆ ಸಿಂಗಪುರಕ್ಕೆ ಹೋಗಿ ಜಪಾನಿನವರ ಕೈಗೆ ಸಿಕ್ಕಿಹಾಕ್ಕೊಂಡು ಯುದ್ಧ ಮುಗಿದ್ಮೇಲೆ ವಾಪಸ್ ಬಂದ್ರು ಅಂತ ಮನೇಲಿ ಎಲ್ರೂ ಹೇಳ್ತಾರೆ. ಅಲ್ಲಿಂದ ಅವರು ತಂದ ತುಪಾಕಿ ಅಂತ ಒಂದನ್ನ ಕಂಬಳಿ ಸುತ್ತಿ ಅಟ್ಟದ ಮೇಲೆ ಇಟ್ಟಿದೀವಿ. ಮೊದಲು ತಾತನ ಹೆಸರಲ್ಲಿ ಲೈಸೆನ್ಸ್ ಇತ್ತು, ಆಮೇಲೆ ಅಪ್ಪನ ಹೆಸರಿಗಾಯ್ತು, ಅಪ್ಪ ತೀರಿಕೊಂಡು ಎಂಟು ತಿಂಗಳಾಯ್ತು. ಬೋಲ್ಟಿನ ಹಿಂದೆ ಕಬ್ಬಿಣದ ಮೇಲೆ ಕಿರೀಟ, ಅದರ ಕೆಳಗೆ ಇಂಗ್ಲಿಷಲ್ಲಿ ಜಿಆರ್‌ಐ, ಇಶಾಪುರ್, 1943 ಅಂತಿದೆ. ತೋಟಾ ತುಂಬೋ ಡಬ್ಬಿ ಇರಬೇಕಾದ ಕಡೆ ಮರದ ತುಂಡು ಕೂರಿಸಿದಾರೆ. ಇದು ತಾತ ಯುದ್ಧದಲ್ಲಿ ಹಿಡಿದಿದ್ದೇನಾ? ಮೂಲ ಹೆಂಗೆ ಹುಡುಕೋದು? ನನ್ ಮಗ ದಿನಾ ಕೇಳ್ತಾನೆ.

ಉತ್ತರ: ಮೂಲದ ಮಾತು ಆಮೇಲೆ, ಮೊದಲು ಒಂದು ಕೆಲಸ ಮಾಡಿ. ಅಪ್ಪ ಹೋದ್ಮೇಲೆ ಆ ಲೈಸೆನ್ಸ್ ನಿಮ್ಮದಲ್ಲ, 1959ರ ಆರ್ಮ್ಸ್ ಆಕ್ಟ್ ಪ್ರಕಾರ ತುಪಾಕಿನ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರೋ ಗನ್ ಅಂಗಡಿಯಲ್ಲೋ ಡಿಪಾಸಿಟ್ ಮಾಡಿ ರಸೀದಿ ತಗೋಬೇಕು. ಎಂಟು ತಿಂಗಳು ತಡ ಆಗಿದೆ, ಇನ್ನೊಂದು ವಾರ ಕೂಡ ತಡ ಮಾಡಬೇಡಿ. ತುಪಾಕಿ ಹೆಗಲಿಗೆ ಹಾಕ್ಕೊಂಡು ಬಸ್ ಹತ್ತಬೇಡಿ ಮತ್ತೆ, ಲೈಸೆನ್ಸ್ ಪುಸ್ತಕ ಮತ್ತು ಡೆತ್ ಸರ್ಟಿಫಿಕೇಟ್ ಹಿಡ್ಕೊಂಡು ನೀವೇ ಠಾಣೆಗೆ ಹೋಗಿ ವಿಷಯ ಹೇಳಿ, ಹೆಂಗೆ ತರಬೇಕು ಅಂತ ಅವರನ್ನೇ ಕೇಳಿ. ಒಳಗೆ ತೋಟಾ ಇದೆಯಾ ಅಂತ ಬೋಲ್ಟ್ ಎಳೆದು ನೋಡೋಕೆ ಹೋಗಬೇಡಿ, ಅದು ಗೊತ್ತಿರೋರ ಕೆಲಸ. ಹಳೇದು, ಆಂಟಿಕ್ಕು, ಲೈಸೆನ್ಸ್ ಬೇಡ ಅಂತ ಊರಲ್ಲಿ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಹಾರೋ ಸ್ಥಿತಿಯಲ್ಲಿರೋ ತುಪಾಕಿಗೆ ವಯಸ್ಸಿನ ರಿಯಾಯ್ತಿ ಸಿಗಲ್ಲ. ಕೊಡಗಿನವರಿಗಿರೋ ವಿನಾಯ್ತಿನೂ ನಮ್ಮ ಕಡೆಯವರಿಗೆ ಇಲ್ಲ.

ಈಗ ನಿಮ್ಮ ಪ್ರಶ್ನೆ. ನೀವು ಬರೆದಿರೋ ಆ ಒಂದು ಇಸವಿಯಲ್ಲೇ ಅರ್ಧ ಉತ್ತರ ಇದೆ. ಸಿಂಗಪುರ ಬಿದ್ದಿದ್ದು 1942ರ ಫೆಬ್ರವರಿ 15ಕ್ಕೆ. ಮೈಸೂರು ಸಂಸ್ಥಾನದ ಫಸ್ಟ್ ಮೈಸೂರು ಇನ್‌ಫೆಂಟ್ರಿ ಆವಾಗ ಅಲ್ಲಿತ್ತು, ಅದು ನಿಜವೇ, ಅವತ್ತು ಸೆರೆಯಾದ 40 ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರಲ್ಲಿ ನಮ್ಮ ಮೈಸೂರಿನವರೂ ಇದ್ರು. ಸೆರೆಯಾದವನ ಕೈಯಲ್ಲಿ ಯಾರು ರೈಫಲ್ ಬಿಡ್ತಾರೆ ಹೇಳಿ, ಆಯುಧ ಎಲ್ಲಾ ಜಪಾನಿನವರಿಗೆ ಒಪ್ಪಿಸಿದ ಮೇಲೇ ಕ್ಯಾಂಪಿಗೆ ಹೋಗಿದ್ದು. ನಿಮ್ಮ ತುಪಾಕಿ ತಯಾರಾಗಿದ್ದು 1943ರಲ್ಲಿ, ಕೊಲ್ಕತ್ತಾ ಹತ್ರ ಹೂಗ್ಲಿ ದಡದಲ್ಲಿರೋ ಇಶಾಪುರ ರೈಫಲ್ ಫ್ಯಾಕ್ಟರಿಯಲ್ಲಿ, ಅಂದ್ರೆ ಇದು ಹುಟ್ಟೋ ಹೊತ್ತಿಗೆ ತಾತ ಸೆರೆಯಲ್ಲಿದ್ರು. ಜಿಆರ್‌ಐ ಅಂದ್ರೆ ಜಾರ್ಜ್ ರೆಕ್ಸ್ ಇಂಪೆರೇಟರ್, ಆ ಕಾಲದ ರಾಜ ಚಕ್ರವರ್ತಿಯ ಗುರುತು. ಇನ್ನೊಂದು ಮಾತು, ಸೆರೆಗೆ ಸಿಗದೇ ಇದ್ದ ಸಿಪಾಯಿ ಕೂಡ ರೈಫಲ್ ಮನೆಗೆ ತರೋ ಹಾಗಿರಲಿಲ್ಲ, ಅದು ಸರ್ಕಾರದ ಮಾಲು, ನಂಬರ್ ಹಾಕಿ ಕೋತ್‌ನಲ್ಲಿ, ಅಂದ್ರೆ ಪಲ್ಟನ್ನಿನ ಆಯುಧದ ಕೋಣೆಯಲ್ಲಿ, ಎಣಿಸಿ ಇಡೋದು, ಡಿಸ್ಚಾರ್ಜ್ ಆಗೋನು ಅದನ್ನ ಕೋತ್‌ಗೆ ಒಪ್ಪಿಸಿಯೇ ಹೊರಡಬೇಕು.

ಇದನ್ನ ಓದಿ ಬೇಜಾರು ಮಾಡ್ಕೋಬೇಡಿ ಅಂತ ಕೈಮುಗಿದು ಕೇಳ್ತೀನಿ. ತಾತನ ಯುದ್ಧ ಸುಳ್ಳಲ್ಲ, ತುಪಾಕಿನೂ ಸುಳ್ಳಲ್ಲ, ಇವೆರಡಕ್ಕೂ ಗಂಟು ಹಾಕಿದ್ದು ಮಾತ್ರ ಮನೆಯವರು, ಅದೂ ಪ್ರೀತಿಯಿಂದ. ಹಂಗಾಗಿ ಇಬ್ಬರ ಚರಿತ್ರೆನೂ ಬೇರೆ ಬೇರೆ ಹುಡುಕಬೇಕು.

ತುಪಾಕಿದು ನೋಡೋಣ. ಆ ಮರದ ತುಂಡು ಇದೆಯಲ್ಲ, ನನಗೆ ತುಂಬಾ ಖುಷಿ ಕೊಟ್ಟಿದ್ದು ಅದೇ. ಸೈನ್ಯದ ತ್ರೀ ನಾಟ್ ತ್ರೀಗೆ, ಅಂದ್ರೆ .303 ಬೋರಿನ (ಬೋರ್ ಅಂದ್ರೆ ನಳಿಗೆ ಒಳಗಿನ ಅಗಲ, ಇಂಚಿನ ಲೆಕ್ಕ) ರೈಫಲ್ಲಿಗೆ, ಹತ್ತು ತೋಟಾ ಹಿಡಿಯೋ ಡಬ್ಬಿ ಇರುತ್ತೆ. ಇಶಾಪುರದಲ್ಲಿ ಇದೇ ರೈಫಲನ್ನ .410 ಬೋರಿನ ಮಸ್ಕೆಟ್ ಅಂತ ಬದಲಾಯಿಸಿ ಪೊಲೀಸರಿಗೆ, ಕಾವಲಿನವರಿಗೆ ಕೊಡ್ತಿದ್ರು, ನಳಿಗೆಯನ್ನ ದೊಡ್ಡದು ಮಾಡಿ ನುಣುಪು ಮಾಡೋದು, ಡಬ್ಬಿ ಜಾಗಕ್ಕೆ ಮರ ಹೊಡೆದು ಒಂದು ಸಲಕ್ಕೆ ಒಂದೇ ತೋಟಾ ಹಾಕೋ ಹಂಗೆ ಮಾಡೋದು. ಯಾರಾದ್ರೂ ಕಿತ್ಕೊಂಡು ಹೋದ್ರೂ ಸೈನ್ಯದ ತೋಟಾ ಹಾಕಿ ಹೊಡೆಯೋಕಾಗಬಾರದು ಅನ್ನೋದು ಬ್ರಿಟಿಷರ ಲೆಕ್ಕ. ನಿಮ್ಮದು ಬಹುಪಾಲು ಅದೇ ಜಾತಿದು. ಖಚಿತ ಮಾಡ್ಕೊಳ್ಳೋದು ಸುಲಭ, ಡಿಪಾಸಿಟ್ ಮಾಡೋವಾಗ ಆಯುಧ ನೋಡ್ಕೊಳ್ಳೋ ಆರ್ಮರರ್‌ಗೋ ಗನ್ ಅಂಗಡಿಯವರಿಗೋ ನಳಿಗೆ ಒಳಗೆ ನೋಡೋಕೆ ಹೇಳಿ: ಒಳಗಡೆ ಸುರುಳಿ ಗೀರು ಇದ್ದು ಬಾಯಿ 7.7 ಮಿಲಿಮೀಟರ್ ಆಸುಪಾಸು ಇದ್ರೆ ತ್ರೀ ನಾಟ್ ತ್ರೀ, ಗೀರಿಲ್ಲದೆ ನುಣುಪಾಗಿದ್ದು 10.4 ಆಸುಪಾಸು ಇದ್ರೆ ಮಸ್ಕೆಟ್.  ಯಾವುದೇ ಆಗಲಿ, ತ್ರೀ ನಾಟ್ ತ್ರೀ, .410 ಮಸ್ಕೆಟ್ ಎರಡೂ ಪ್ರೊಹಿಬಿಟೆಡ್ ಬೋರ್, ಅಂದ್ರೆ ಸಾಮಾನ್ಯ ಲೈಸೆನ್ಸಿಗೆ ಸಿಗದ ಜಾತಿ, ಅರ್ಜಿ ಕೇಂದ್ರ ಗೃಹ ಇಲಾಖೆವರೆಗೂ ಹೋಗಬೇಕು, ಡಿಸಿ ಆಫೀಸಲ್ಲೇ ಮುಗಿಯೋ ಕೆಲಸ ಅಲ್ಲ. ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳೋಕೆ 2016ರ ಆರ್ಮ್ಸ್ ರೂಲ್ಸಲ್ಲಿ ದಾರಿ ಇದೆ, ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ, ಅಣ್ಣತಮ್ಮಂದಿರು ಅಕ್ಕತಂಗಿಯರ ಒಪ್ಪಿಗೆ ಪತ್ರನೂ ಈಗಲೇ ಮಾಡಿಸಿಟ್ಕೊಳ್ಳಿ.

ಇನ್ನು ಮನೆಗೆ ಹೆಂಗೆ ಬಂತು ಅನ್ನೋದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ತಾತನ ಮೊದಲನೇ ಲೈಸೆನ್ಸು. ಅಪ್ಪಂದಲ್ಲ, ತಾತಂದು. ಟ್ರಂಕಲ್ಲಿ, ಪಹಣಿ ಕಂದಾಯದ ರಸೀದಿ ಮಧ್ಯೆ, ದೇವರ ಮನೆ ಗೂಡಲ್ಲಿ, ಎಲ್ಲಾ ಕಡೆ ಹುಡುಕಿ. ಅದರಲ್ಲಿ ತುಪಾಕಿ ಯಾವ ತರದ್ದು, ಯಾವ ಬೋರು, ನಂಬರೇನು ಅಂತ ಬರೆದಿರ್ತಾರೆ, ಆ ನಂಬರು ತುಪಾಕಿ ಮೇಲಿರೋದಕ್ಕೆ ತಾಳೆ ಆಗುತ್ತಾ ನೋಡಿ. ನಂಬರು ಬೋಲ್ಟ್ ಮೇಲೂ ಇರುತ್ತೆ, ನಳಿಗೆ ಬುಡದಲ್ಲೂ ಇರುತ್ತೆ, ಎರಡೂ ಬೇರೆ ಬೇರೆ ಆಗಿದ್ರೆ ಯಾವಾಗಲೋ ಬೋಲ್ಟ್ ಬದಲಾಗಿದೆ ಅಂತ ಅರ್ಥ. ಪುಸ್ತಕ ಸಿಗದೇ ಹೋದ್ರೆ ಡಿಸಿ ಆಫೀಸಿನ ಹಳೇ ಆರ್ಮ್ಸ್ ರಿಜಿಸ್ಟರ್ ಕೇಳಿ, ಕೊಡದಿದ್ರೆ ಆರ್‌ಟಿಐ ಹಾಕಿ. ಇಲ್ಲಿ ಒಂದು ಎಡವಟ್ಟು ಮಾಡ್ಕೋಬೇಡಿ, ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ 2007ರಲ್ಲಿ, ತಾತನ ಕಾಲಕ್ಕೆ ಚಿಂತಾಮಣಿ ಕೋಲಾರ ಜಿಲ್ಲೆಗೆ ಸೇರಿತ್ತು, ಹಂಗಾಗಿ ಚಿಕ್ಕಬಳ್ಳಾಪುರದಲ್ಲಿ ಇಲ್ಲ ಅಂದ ತಕ್ಷಣ ಸುಮ್ಮನಾಗದೆ ಕೋಲಾರಕ್ಕೂ ಒಂದು ಅರ್ಜಿ ಹಾಕಿ.

ಬಟ್ಟಿನ, ಅಂದ್ರೆ ಹೆಗಲಿಗೆ ಒತ್ತೋ ಹಿಂದಿನ ಮರದ, ಬಲಗಡೆ ಹಿತ್ತಾಳೆ ಬಿಲ್ಲೆ ಇದ್ರೆ, ಅದರ ಮೇಲೆ ಏನಾದ್ರೂ ಅಕ್ಷರ ಕೆತ್ತಿದ್ರೆ, ಇದ್ದದ್ದು ಇದ್ದಂಗೆ ಬರ್ಕೊಳ್ಳಿ, ಯಾವ ಪಡೆ ಹತ್ರ ಇತ್ತು ಅನ್ನೋದು ಹೇಳೋ ಜಾಗ ಅದು. ಎರಡು ಬಾಣದ ತುದಿ ಎದುರುಬದುರು ಕೂತಿರೋ ಗುರುತು ಸಿಕ್ಕಿದ್ರೆ ಅದು ಸರ್ಕಾರವೇ ಮಾರಿದ್ದು ಅನ್ನೋಕೆ ಬ್ರಿಟಿಷ್ ಕಾಲದ ಮುದ್ರೆ. ಠಾಣೆಗೆ ಕೊಡೋವಾಗ ಅಲ್ಲಿನವರ ಎದುರಿಗೇ ಎಲ್ಲಾ ಗುರುತಿನ ಫೋಟೋ ತೆಗೆದಿಟ್ಕೊಳ್ಳಿ.

ಈಗ ತಾತ. ದಯವಿಟ್ಟು ತುಪಾಕಿಗಿಂತ ಇದಕ್ಕೇ ಜಾಸ್ತಿ ಸಮಯ ಕೊಡಿ, ಯಾಕಂದ್ರೆ ಮೂರೂವರೆ ವರ್ಷ ಸೆರೆಯಲ್ಲಿದ್ದು ಚಿಂತಾಮಣಿಗೆ ವಾಪಸ್ ಬಂದ ಮನುಷ್ಯನ ಹೆಸರು ಒಂದು ಕಾಗದದಲ್ಲಾದ್ರೂ ಮನೆಗೆ ಸಿಗಬೇಕು. ಮನೇಲಿ ಪದಕ ಇದೆಯಾ? ಪೆಸಿಫಿಕ್ ಸ್ಟಾರ್ ಇದ್ರೆ ಮಲಾಯ ಸಿಂಗಪುರದ ಕಥೆಗೆ ಬಲ ಬರುತ್ತೆ, ಬರ್ಮಾ ಸ್ಟಾರ್ ಇದ್ರೆ ಕಥೆನೇ ಬೇರೆ ಇರಬಹುದು. ಪದಕದ ಹಿಂದೆ, ಅಂಚಿನಲ್ಲಿ ನಂಬರು ಹೆಸರು ಕೆತ್ತಿದ್ರೆ ಅದೇ ಸರ್ವಿಸ್ ನಂಬರು, ಅದೊಂದು ಸಿಕ್ಕಿದ್ರೆ ಮುಂದಿನ ಬಾಗಿಲು ತೆಗೆಯುತ್ತೆ. ಮೈಸೂರು ಇನ್‌ಫೆಂಟ್ರಿ ಸ್ವಾತಂತ್ರ್ಯ ಬಂದ್ಮೇಲೆ ಮದ್ರಾಸ್ ರೆಜಿಮೆಂಟಿಗೆ ಸೇರಿ 18ನೇ ಬೆಟಾಲಿಯನ್ ಆಯ್ತು, ಅದರ ಹೆಸರಲ್ಲಿ ಮೈಸೂರು ಅಂತ ಹಂಗೇ ಉಳಿದಿದೆ. ರೆಜಿಮೆಂಟಿನ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ, ಅಲ್ಲಿಗೆ ಕಾಗದ ಬರೀರಿ. ಸಂಸ್ಥಾನದ ಕಾಲದ ಸರ್ಕಾರಿ ಕಡತಗಳಿಗೆ ವಿಧಾನಸೌಧದ ರಾಜ್ಯ ಪತ್ರಾಗಾರಕ್ಕೆ ಹೋಗಿ ಕೂರಬೇಕು, ಒಂದೇ ದಿನಕ್ಕೆ ಆಗೋ ಕೆಲಸ ಅಲ್ಲ, ಮಗನ್ನೂ ಕರ್ಕೊಂಡು ಹೋಗಿ.

ಪ್ರಶ್ನೆ: ಶಿರಾದಿಂದ ಬರೀತಿದೀನಿ. ನಮ್ಮ ಮಾವನವರ ಹತ್ರ ಲೈಸೆನ್ಸ್ ಇರೋ ಹಳೇ ಮಿಲಿಟರಿ ರೈಫಲ್ ಇದೆ, ಮರ ಎಲ್ಲಾ ಕಪ್ಪಾಗಿದೆ. ಬಡಗಿ ಹತ್ರ ಪಾಲಿಶ್ ಪೇಪರ್ ಉಜ್ಜಿಸಿ ವಾರ್ನಿಶ್ ಹೊಡೆಸಿದ್ರೆ ಆಗುತ್ತಾ?

ಉತ್ತರ: ಖಂಡಿತ ಬೇಡ. ನಮ್ಮ ಸಂಬಂಧಿಕರ ಮನೇಲಿ ಹಿಂಗೇ ಒಂದು ದೀಪಾವಳಿಗೆ ಮುಂಚೆ ಉಜ್ಜಿಸಿ ಮಿರಮಿರ ಮಿಂಚೋ ಹಂಗೆ ಮಾಡಿದ್ರು, ಬಟ್ಟಿನ ಮೇಲೆ ಒತ್ತಿದ್ದ ಮುದ್ರೆಗಳೆಲ್ಲ ಮರದ ಪುಡಿ ಜೊತೆ ಹೋದವು, ಆ ರೈಫಲ್ ಯಾವ ಪಡೆದು ಅಂತ ಈಗ ಯಾರ ಕೈಲೂ ಹೇಳೋಕಾಗಲ್ಲ, ನೆನೆಸಿಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಸೈನ್ಯದಲ್ಲೂ ಮರಕ್ಕೆ ಹಚ್ಚುತ್ತಿದ್ದಿದ್ದು ಅಗಸೆ ಎಣ್ಣೆಯೇ. ಲೈಸೆನ್ಸ್ ಮಾವನವರ ಹೆಸರಲ್ಲಿರೋದ್ರಿಂದ ಅವರೇ ಮೆತ್ತನೆ ಬಟ್ಟೆಗೆ ಸ್ವಲ್ಪ ಎಣ್ಣೆ ಹಾಕ್ಕೊಂಡು ಮರಕ್ಕೆ ತಿಕ್ಕಿ, ಒಂದು ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಲಿ. ಕಬ್ಬಿಣಕ್ಕೂ ಪೇಪರ್ ಮುಟ್ಟಿಸಬೇಡಿ.