ಗೆಳೆಯರ ಫೋಟೋ ನೋಡಿ 'ಸೂಪರ್' ಬಿಟ್ಟು ಇನ್ನೇನ್ ಹೇಳೋದು?

ನಿಮ್ಮ ಪ್ರಶ್ನೆ ಇದು ಅಲ್ವಾ: ಭಾನುವಾರ ಒಟ್ಟಿಗೆ ಫೋಟೋ ತೆಗೆಯೋಕೆ ಹೋಗೋ ಏಳೆಂಟು ಜನ ಹವ್ಯಾಸಿಗಳು ಇದ್ದೀರ, ಒಬ್ಬರ ಫೋಟೋ ಇನ್ನೊಬ್ರು ನೋಡಿ ಮುಲಾಜಿಲ್ದೆ ಹೇಳ್ಬೇಕು ಅಂತ ಮಾತಾಗಿದೆ, ಆದ್ರೆ ಹೇಳಿದ್ರೆ ಮುಖ ಊದತ್ತೆ, ಹೇಳದಿದ್ರೆ ಯಾರೂ ಕಲಿಯಲ್ಲ, ಹೇಗ್ ಹೇಳೋದು ಅಂತ. ನಾನು ಮೈಸೂರಿನವನು, ಹೊಟ್ಟೆಪಾಡಿಗೆ ಲೆಕ್ಕ ಬರೆಯೋ ಕೆಲಸ, ರಜೆ ಬಂದ್ರೆ ಹಕ್ಕಿ ಹಿಂದೆ ಅಲೀತೀನಿ. ಈ ವಿಷ್ಯದಲ್ಲಿ ನಾನೇ ಎರಡು ಸಲ ಚೆನ್ನಾಗಿ ಎಡವಿದೀನಿ, ಅದನ್ನೇ ಹೇಳ್ತೀನಿ.

ನಮ್ಮ ಜೊತೆ ಒಬ್ರು ರಿಟೈರ್ಡ್ ಮೇಷ್ಟ್ರು ಬರ್ತಾರೆ. ಒಂದ್ಸಲ ಕುಕ್ಕರಹಳ್ಳಿ ಕೆರೆಯಲ್ಲಿ ಬೆಳ್ಳಕ್ಕಿ ನೀರಿಗೆ ಇಳಿಯೋ ಹೊತ್ತಿಗೆ ಸರಿಯಾಗಿ ಕ್ಲಿಕ್ ಮಾಡಿದ್ರು, ರೆಕ್ಕೆ ಎರಡೂ ಮೇಲೆ, ಒಂದು ಕಾಲ್ಬೆರಳು ಮಾತ್ರ ನೀರಿಗೆ ತಾಗಿ ಸಣ್ಣ ಉಂಗುರ ಎದ್ದಿದೆ, ಹಿಂದೆ ಎಲ್ಲಾ ಕಪ್ಪು ನೀರು. ತಿಂಡಿ ಆದ್ಮೇಲೆ ಎಲ್ರ ಮುಂದೆ ಲ್ಯಾಪ್‌ಟಾಪ್ ತೆಗೆದು ತೋರಿಸಿದ್ರು. ನಾನು ನೋಡಿದ್ದೇ ತಡ, 'ವೈಟ್ ಪೂರ್ತಿ ಹೊಡೆದು ಹೋಗಿದೆ ಸರ್, ಗರಿ ಒಂದೂ ಕಾಣಲ್ಲ' ಅಂದ್ಬಿಟ್ಟೆ. ಸುಳ್ಳೇನಲ್ಲ, ಹಕ್ಕಿ ಮೈ ಸುಣ್ಣ ಬಳಿದ ಹಾಗೇ ಇತ್ತು. ಆದ್ರೆ ಆ ಉಂಗುರದ ಬಗ್ಗೆ ಒಂದು ಮಾತಾಡಲಿಲ್ಲ, ಬಿಳಿ ಯಾಕೆ ಹೋಯ್ತು ಅಂತಾನೂ ಹೇಳಲಿಲ್ಲ. ಮೇಷ್ಟ್ರು 'ಹೌದಾ' ಅಂದು ಲ್ಯಾಪ್‌ಟಾಪ್ ಮುಚ್ಚಿದ್ರು, ಆಮೇಲೆ ಎರಡು ತಿಂಗಳು ಆ ಕಡೆ ತಲೆ ಹಾಕ್ಲಿಲ್ಲ.

ಹೇಳಬೇಕಾಗಿದ್ದು ಹೇಗೆ ಅಂದ್ರೆ, 'ಸರ್ ನನ್ನ ಕಣ್ಣು ಮೊದ್ಲು ಆ ಉಂಗುರಕ್ಕೆ ಹೋಯ್ತು, ಟೈಮಿಂಗ್ ಭಾರಿ ಸಿಕ್ಕಿದೆ, ಆಮೇಲೆ ರೆಕ್ಕೆ ಕಡೆ ಬಂದ್ರೆ ಅಲ್ಲಿ ಏನೂ ಸಿಗ್ತಿಲ್ಲ'. ಅಷ್ಟಕ್ಕೇ ನಿಲ್ಲಿಸದೆ ಕಾರಣಾನೂ ಹೇಳ್ಬೇಕಿತ್ತು. ಕ್ಯಾಮೆರಾ ಮೀಟರ್‌ಗೆ (ಬೆಳಕು ಅಳೆಯೋ ಭಾಗ) ಬೆಳ್ಳಕ್ಕಿ ಗೊತ್ತಿಲ್ಲ, ಫ್ರೇಮ್ ತುಂಬಾ ಕಪ್ಪು ನೀರಿದ್ರೆ ಅದು 'ಅಯ್ಯೋ ಕತ್ತಲೆ' ಅಂದ್ಕೊಂಡು ಎಲ್ಲಾನೂ ಬೆಳಗಿಸತ್ತೆ, ಮಧ್ಯದಲ್ಲಿರೋ ಸಣ್ಣ ಬಿಳಿ ಹಕ್ಕಿ ಸುಟ್ಟು ಹೋಗತ್ತೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮೆರಾ ಆರಿಸಿದ ಬೆಳಕನ್ನ ನಾವೇ ಹೆಚ್ಚು ಕಮ್ಮಿ ಮಾಡೋ ಸೆಟಿಂಗ್) ಒಂದು ಸ್ಟಾಪ್ ಮೈನಸ್‌ಗೆ, ಅಂದ್ರೆ ಅರ್ಧ ಬೆಳಕಿಗೆ ಇಟ್ಟು, ಹೈಲೈಟ್ ಅಲರ್ಟ್ ಆನ್ ಮಾಡ್ಕೊಂಡ್ರೆ ಸುಟ್ಟ ಜಾಗ ಸ್ಕ್ರೀನಲ್ಲಿ ಮಿನುಗತ್ತೆ, ಕೆರೆ ದಡದಲ್ಲೇ ಗೊತ್ತಾಗತ್ತೆ. ಅದೇ ಹಕ್ಕಿ ಫ್ರೇಮ್ ತುಂಬಾ ಇದ್ರೆ ಉಲ್ಟಾ, ಬಿಳಿ ಹಕ್ಕಿ ಬೂದಿ ಬಣ್ಣಕ್ಕೆ ತಿರುಗತ್ತೆ, ಆಗ ಪ್ಲಸ್ ಬೇಕು. ಇಷ್ಟು ಹೇಳಿದ್ರೆ ಮುಂದಿನ ಭಾನುವಾರ ಮಾಡಿ ನೋಡೋಕೆ ಒಂದು ಕೆಲಸ ಸಿಕ್ತು, ಬರೀ 'ಹೊಡೆದು ಹೋಗಿದೆ' ಅಂದ್ರೆ ಬೈದ ಹಾಗೆ ಅಷ್ಟೆ.

ಎರಡನೇ ಸಲ ಎಡವಿದ್ದು ಇದಕ್ಕಿಂತ ಪೆದ್ದುತನ. ಹೊಸದಾಗಿ ಸೇರಿದ್ದ ಹುಡುಗಿ ಊರಲ್ಲಿ ಅಜ್ಜಿ ಒಲೆ ಮುಂದೆ ಕೂತಿರೋ ಫೋಟೋ ತಂದಿದ್ಲು, ಮೊಬೈಲಲ್ಲೇ ತೆಗೆದಿದ್ದು. ಎಡಗಡೆ ಅಂಚಿನಲ್ಲಿ ಅರ್ಧಕ್ಕೆ ಕಟ್ ಆದ ತಾಮ್ರದ ಹಂಡೆ. ನಾನು ದೊಡ್ಡ ಮನುಷ್ಯನ ತರ 'ಹಂಡೆ ಡಿಸ್ಟ್ರಾಕ್ಟ್ ಮಾಡ್ತಿದೆ ಕಣಮ್ಮ, ಕ್ರಾಪ್ ಮಾಡು' ಅಂದೆ. ಅವಳು ಮೆತ್ತಗೆ, 'ಅಂಕಲ್, ಅದು ಅಜ್ಜಿ ಮದುವೆಗೆ ತವರಿಂದ ಬಂದಿದ್ದು, ಅದಕ್ಕೋಸ್ಕರಾನೇ ಫೋಟೋ ತೆಗೆದಿದ್ದು' ಅಂದ್ಲು. ಅಂದ್ರೆ ಸಲಹೆ ಪೂರ್ತಿ ಉಲ್ಟಾ ಆಗ್ಬೇಕಿತ್ತು, ಹಂಡೆ ತೆಗೆಯೋದಲ್ಲ, ಎರಡು ಹೆಜ್ಜೆ ಹಿಂದೆ ಹೋಗಿ ಹಂಡೆ ಪೂರ್ತಿ ಒಳಗೆ ತಗೋ, ಒಲೆ ಬೆಂಕಿ ಅದರ ಮೇಲೂ ಸ್ವಲ್ಪ ಬೀಳೋ ಕಡೆ ನಿಂತ್ಕೋ ಅಂತ. ಅವತ್ತಿಂದ ಬಾಯಿ ಬಿಡೋ ಮುಂಚೆ 'ಇದ್ರಲ್ಲಿ ನಿಮಗೆ ಏನ್ ತೋರಿಸ್ಬೇಕಿತ್ತು?' ಅಂತ ಕೇಳ್ತೀನಿ. ಅರ್ಧ ಸಲ ಉತ್ತರ ಹೇಳ್ತಾ ಹೇಳ್ತಾ ಅವರಿಗೇ ತಪ್ಪು ಹೊಳೀತದೆ, ನಮ್ಮ ಕೆಲಸ ಉಳೀತು.

ಇನ್ನು 'ಶಾರ್ಪ್ ಇಲ್ಲ' ಅನ್ನೋ ಮಾತು. ಇದನ್ನ ದಯವಿಟ್ಟು ಹಾಗೇ ಹೇಳ್ಬೇಡಿ, ಅದ್ರಿಂದ ಯಾರಿಗೂ ಉಪಯೋಗ ಇಲ್ಲ. ಮಸುಕಾಗೋಕೆ ಮೂರು ಬೇರೆ ಬೇರೆ ಕಾರಣ ಇರತ್ತೆ, ಯಾವುದು ಅಂತ ಕಂಡುಹಿಡಿದು ಹೇಳಿ. ರಂಗನತಿಟ್ಟಲ್ಲಿ ದೋಣಿ ಮೇಲಿಂದ ತೆಗೆದ ಫೋಟೋ ಅಂದ್ಕೊಳಿ. ಹಕ್ಕಿ, ಬಂಡೆ, ಮರ ಎಲ್ಲಾ ಒಂದೇ ದಿಕ್ಕಿಗೆ ಎಳೆದ ಹಾಗಿದ್ರೆ ಕ್ಯಾಮೆರಾ ಅಲ್ಲಾಡಿದೆ, ದೋಣಿ ಅಲ್ಲಾಡತ್ತಲ್ಲ, ಶಟರ್ ಸ್ಪೀಡ್ ಏರಿಸ್ಬೇಕು, ಅಂದ್ರೆ ಶಟರ್ ತೆರೆದಿರೋ ಹೊತ್ತು ಕಮ್ಮಿ ಮಾಡ್ಬೇಕು. ಹಕ್ಕಿ ಮಸುಕು, ಆದ್ರೆ ಹಿಂದಿನ ಎಲೆ ಗೀರು ಗೀರು ಕಾಣ್ತಿದೆ ಅಂದ್ರೆ ಫೋಕಸ್ ಹಿಂದಕ್ಕೆ ಹೋಗಿ ಕೂತಿದೆ, ಶಟರ್ ಎಷ್ಟು ಏರಿಸಿದ್ರೂ ಪ್ರಯೋಜನ ಇಲ್ಲ. ಕಣ್ಣು ಶಾರ್ಪಾಗಿದೆ, ರೆಕ್ಕೆ ತುದಿ ಮಾತ್ರ ಅಲುಗಿದೆ ಅಂದ್ರೆ ಅದು ತಪ್ಪೇ ಅಲ್ಲ, ಹಾರಾಟ ಕಾಣ್ತಿದೆ ಅಂತ ನಾನಂತೂ ಖುಷಿ ಪಡ್ತೀನಿ, ಬೇರೆಯವ್ರು ಶಟರ್ 1/2000 ಸೆಕೆಂಡಿಗೆ ಏರಿಸಿ ರೆಕ್ಕೆ ಕಲ್ಲಿನ ಹಾಗೆ ನಿಲ್ಲಿಸ್ತಾರೆ, ಅದು ಅವರವರ ರುಚಿ. ಮತ್ತೆ ವಾಟ್ಸಾಪಲ್ಲಿ ಮಾಮೂಲಿ ಫೋಟೋ ಆಗಿ ಬಂದಿದ್ದು ನೋಡಿ ಶಾರ್ಪ್‌ನೆಸ್ ಬಗ್ಗೆ ತೀರ್ಪು ಕೊಡ್ಬೇಡಿ, ಅದು ಕುಗ್ಗಿಸಿ ಕಳಿಸತ್ತೆ, ಶಟರ್ ಎಷ್ಟಿತ್ತು ಐಎಸ್‌ಓ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸೆಟಿಂಗ್) ಎಷ್ಟಿತ್ತು ಅನ್ನೋ ಮಾಹಿತೀನೂ ಉಳಿಯಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ.

ಲೆನ್ಸ್ ವಿಷ್ಯ ಎತ್ತಲೇಬೇಡಿ. 'ಕಿಟ್ ಲೆನ್ಸಲ್ಲಿ (ಕ್ಯಾಮೆರಾ ಜೊತೆಗೇ ಸಿಗೋದು) ಇಷ್ಟೇ ಬರೋದು, 600 ಎಂಎಂ ಲೆನ್ಸ್ ತಗೊಳಿ' ಅಂತ ಹೇಳೋರು ಪ್ರತಿ ಗುಂಪಲ್ಲೂ ಒಬ್ರಿರ್ತಾರೆ. ಅದು ಫೋಟೋ ಬಗ್ಗೆ ಮಾತಲ್ಲ, ಎದುರಿನವರ ಜೇಬಿನ ಬಗ್ಗೆ. ರೂಲ್ ಆಫ್ ಥರ್ಡ್ಸ್ (ಫ್ರೇಮನ್ನ ಮೂರು ಮೂರು ಭಾಗ ಮಾಡಿ ಆ ಗೆರೆಗಳ ಮೇಲೆ ವಿಷ್ಯ ಇಡ್ಬೇಕು ಅನ್ನೋದು) ಹಿಡ್ಕೊಂಡು ಸ್ಕೇಲ್ ಇಟ್ಟು ಅಳೆಯೋರೂ ಅಷ್ಟೆ, ನಂಗೆ ಆಗಲ್ಲ.

ಒಂದು ಫೋಟೋಗೆ ಒಂದೇ ತಪ್ಪು ಹೇಳಿ, ಎಲ್ಲಕ್ಕಿಂತ ಜಾಸ್ತಿ ಕಣ್ಣು ಕುಕ್ಕೋದು ಯಾವುದೋ ಅದನ್ನ. ಅದು ಮನೇಲಿ ಕೂತು ಎಡಿಟಿಂಗಲ್ಲಿ ಸರಿ ಹೋಗೋದಾ, ಇಲ್ಲ ಸ್ಪಾಟಲ್ಲೇ ಬೇರೆ ತರ ನಿಲ್ಬೇಕಿತ್ತಾ ಅನ್ನೋದನ್ನೂ ಬಿಡಿಸಿ ಹೇಳಿ. ಹಾಗೇ ತೋರಿಸೋರಿಗೂ ಒಂದು ಕಟ್ಟಳೆ ಬೇಕು, ರೀಲಿನ ಕಾಲದಲ್ಲಿ ಒಂದು ರೀಲಿಗೆ 36 ಫ್ರೇಮ್ ಅಷ್ಟೆ, ಈಗ ಒಂದೇ ಮಿಂಚುಳ್ಳಿದು 400 ಇರತ್ತೆ, ಅದ್ರಲ್ಲಿ 40 ತೋರಿಸ್ತಾರೆ. ನಮ್ಮಲ್ಲಿ ತಲೆಗೆ ಮೂರು ಅಂತ ಮಾಡಿದ್ವಿ. ಮೂರು ಆರಿಸೋಕೆ ಕೂತಾಗ್ಲೇ ಅರ್ಧ ವಿಮರ್ಶೆ ಅವ್ರೇ ಮಾಡ್ಕೊಂಡು ಬಂದಿರ್ತಾರೆ.

ಯಾರಾದ್ರೂ ಸಲೂನ್‌ಗೆ (ಹೇರ್ ಕಟಿಂಗ್ ಅಲ್ಲ, ಫೋಟೋ ಸ್ಪರ್ಧೆ) ಕಳಿಸೋರಿದ್ರೆ ಮೊದ್ಲೇ ಕೇಳ್ಕೊಳಿ. ಎಫ್‌ಐಎಪಿ (ಅಂತರರಾಷ್ಟ್ರೀಯ ಫೋಟೋ ಕಲಾ ಒಕ್ಕೂಟ) ನಿಯಮದ ನೇಚರ್ ವಿಭಾಗದಲ್ಲಿ ಅಂಚು ಕ್ರಾಪ್ ಮಾಡ್ಬಹುದು, ಆದ್ರೆ ಮಧ್ಯ ಬಂದ ಕೊಂಬೆ ಅಳಿಸೋ ಹಾಗಿಲ್ಲ, ಏನೂ ಸೇರಿಸೋ ಹಾಗೂ ಇಲ್ಲ. ನೀವು ಒಳ್ಳೇ ಮನಸ್ಸಿಂದ 'ಆ ಕೊಂಬೆ ಕ್ಲೋನ್ ಮಾಡಿ ತೆಗೆದ್ಬಿಡಿ' ಅಂದ್ರೆ ಪಾಪ ಅವ್ರ ಫೋಟೋ ಹೊರಗೆ.

ಎಲ್ರ ಮುಂದೆ ಹೇಳ್ಬಾರದ್ದು ಅಂದ್ರೆ ಒಂದೇ, ಗೂಡಿನ ಫೋಟೋ. ಯಾರಾದ್ರೂ ಹತ್ತಿರ ಹೋಗಿ ಕೊಂಬೆ ಸರಿಸಿ ಮರಿ ಫೋಟೋ ತೆಗೆದಿದ್ರೆ ಅದಕ್ಕೆ ಲೈಟಿಂಗ್ ಚೆನ್ನಾಗಿದೆ ಅಂತ ನಾನು ಹೇಳಲ್ಲ, ಹಾಗಂತ ಹತ್ತು ಜನರ ಎದುರು ಉಗಿಯೋದೂ ಇಲ್ಲ. ಸಂಜೆ ಫೋನ್ ಮಾಡಿ, ಮುಚ್ಚಿದ್ದ ಎಲೆ ಸರಿಸಿದ್ರೆ ಗೂಡು ಕಾಗೆ ಕಣ್ಣಿಗೆ ಬೀಳತ್ತೆ, ಹೆದರಿದ ತಾಯಿ ಗೂಡು ಬಿಟ್ಟೂ ಹೋಗ್ಬಹುದು ಅಂತ ಹೇಳ್ತೀನಿ. ಹಾಗೆ ಹೇಳಿದ ಇಬ್ರಲ್ಲಿ ಒಬ್ರು ಆ ಫೋಟೋ ತೆಗೆದು ಹಾಕಿದ್ರು, ಇನ್ನೊಬ್ರು ನನ್ನ ಫೋನ್ ಎತ್ತೋದು ಬಿಟ್ರು.

ಮೇಷ್ಟ್ರು ವಾಪಸ್ ಬಂದ್ರಾ ಅಂತ ಕೇಳೋರಿಗೆ: ಬಂದ್ರು, ನಾನೇ ಮನೆಗೆ ಹೋಗಿ ಕರ್ಕೊಂಡು ಬಂದೆ. ಈಗ ನನ್ನ ಫೋಟೋ ತೋರಿಸಿದ್ರೆ ಕನ್ನಡಕ ಏರಿಸ್ಕೊಂಡು ಮೊದ್ಲು ಬಿಳಿ ಎಲ್ಲಿ ಸುಟ್ಟಿದೆ ಅಂತಾನೇ ಹುಡುಕ್ತಾರೆ.