ಕಂಪ್ಯೂಟರಿನಲ್ಲಿ ಇಂಟರ್ನೆಟ್ ಪದೇ ಪದೇ ಹೋಗುತ್ತಿದೆ, ಹೊಸ ರೂಟರ್ ತಗೊಳ್ಳಬೇಕಾ?

ಬೇಡ, ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಫಾರ್ಮ್ಯಾಟ್ ಕೂಡ ಮಾಡಬೇಡಿ. ಮನೆಯ ಕಂಪ್ಯೂಟರಿನಲ್ಲಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ನೆಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಬರುತ್ತದೆ, ಫೋನಿನಲ್ಲಿ ಮಾತ್ರ ಏನೂ ತೊಂದರೆಯಿಲ್ಲ ಎಂದು ಬರೆದಿದ್ದೀರಿ. ಒಬ್ಬರು ರೂಟರ್ ಬದಲಿಸಿ ಅಂದರು, ಇನ್ನೊಬ್ಬರು ವಿಂಡೋಸ್ ಹೊಸದಾಗಿ ಹಾಕಿ ಅಂದರು. ಎರಡೂ ಊಹೆಗಳೇ. ಸಂಪರ್ಕ ಎಲ್ಲಿ ಕಡಿಯುತ್ತಿದೆ ಎಂದು ಇನ್ನೂ ಯಾರೂ ನೋಡಿಲ್ಲ, ಅಲ್ವಾ? ಮೊದಲು ಅದನ್ನು ನೋಡೋಣ.

ಫೋನಿನ ವಿಷಯದಲ್ಲಿ ಒಂದು ಅನುಮಾನ ಇದೆ. ವೈಫೈ ಕೈಕೊಟ್ಟಾಗ ಎಷ್ಟೋ ಫೋನುಗಳು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹೋಗಿಬಿಡುತ್ತವೆ. ನಿಮಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಒಂದು ದಿನ ಮೊಬೈಲ್ ಡೇಟಾ ಆಫ್ ಮಾಡಿಟ್ಟು ನೋಡಿ. ಆಗಲೂ ಫೋನ್ ಸರಿ ಇದ್ದರೆ ಮಾತ್ರ ತೊಂದರೆ ಕಂಪ್ಯೂಟರಿನ ಕಡೆಯದು ಎಂದು ಹೇಳಬಹುದು.

ಈಗ ಮುಖ್ಯ ಪರೀಕ್ಷೆ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ ಕಮಾಂಡ್ ಪ್ರಾಂಪ್ಟ್ (ಕಮಾಂಡ್‌ಗಳನ್ನು ಟೈಪ್ ಮಾಡುವ ಕಿಟಕಿ) ತೆರೆಯಿರಿ. ಅದರಲ್ಲಿ ಐಪಿಕಾನ್ಫಿಗ್ (ipconfig) ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ, ಡೀಫಾಲ್ಟ್ ಗೇಟ್‌ವೇ ಎಂಬ ಸಾಲಿನಲ್ಲಿ 192.168.1.1 ಅಥವಾ 192.168.0.1 ತರಹದ ಒಂದು ವಿಳಾಸ ಕಾಣುತ್ತದೆ. ಅದು ನಿಮ್ಮ ರೂಟರಿನದು. ಇನ್ನೊಂದು ಕಮಾಂಡ್ ಪ್ರಾಂಪ್ಟನ್ನೂ ಪಕ್ಕದಲ್ಲೇ ತೆರೆಯಿರಿ. ಒಂದರಲ್ಲಿ ರೂಟರಿನ ವಿಳಾಸಕ್ಕೆ, ಇನ್ನೊಂದರಲ್ಲಿ 8.8.8.8ಕ್ಕೆ ಪಿಂಗ್ (ping) ಹಾಕಿ. ಆ ವಿಳಾಸ ಉತ್ತರ ಕೊಡುತ್ತದೆಯಾ ಎಂದು ಕೇಳುವ ಕಮಾಂಡ್ ಅದು. 8.8.8.8 ಎಂಬುದು ಗೂಗಲ್‌ನ ಡಿಎನ್‌ಎಸ್ ಸರ್ವರಿನ ವಿಳಾಸ, ಅಂದರೆ ನಿಮ್ಮ ಮನೆಯಾಚೆಯದು. ಪಿಂಗ್ ಜೊತೆ ಹೈಫನ್ ಟಿ ಸೇರಿಸುವುದನ್ನು (ping -t 8.8.8.8 ಎಂಬಂತೆ) ಮರೆಯಬೇಡಿ. ಇಲ್ಲದಿದ್ದರೆ ನಾಲ್ಕು ಸಲ ಕೇಳಿ ನಿಂತುಬಿಡುತ್ತದೆ. ಹೀಗೆ ಎರಡನ್ನೂ ಓಡಲು ಬಿಟ್ಟು ನಿಮ್ಮ ಕೆಲಸ ಮಾಡಿಕೊಳ್ಳಿ. ನೆಟ್ ಹೋದ ತಕ್ಷಣ ಅವುಗಳ ಕಡೆ ನೋಡಿ. ನಡುವೆ ಎಲ್ಲೋ ಒಂದು ಉತ್ತರ ತಪ್ಪಿದರೆ ತಲೆ ಕೆಡಿಸಿಕೊಳ್ಳಬೇಡಿ. ಸಾಲಾಗಿ ತಪ್ಪುತ್ತಿದೆಯಾ ಎಂಬುದೇ ಮುಖ್ಯ.

ರೂಟರ್ ಉತ್ತರ ಕೊಡುತ್ತಲೇ ಇದೆ, 8.8.8.8 ಮಾತ್ರ ನಿಂತಿದೆ ಅಂದರೆ ನಿಮ್ಮ ಕಂಪ್ಯೂಟರಿನದು ಏನೂ ತಪ್ಪಿಲ್ಲ. ತೊಂದರೆ ರೂಟರಿನದು ಅಥವಾ ಅದರಾಚೆಯ ಲೈನಿನದು. ಫೈಬರ್ ಸಂಪರ್ಕವಾದರೆ ಆ ಹೊತ್ತಿನಲ್ಲಿ ಫೈಬರ್ ಬಂದು ಸೇರುವ ಪೆಟ್ಟಿಗೆಯ ಮೇಲಿನ ಎಲ್‌ಒಎಸ್ (LOS) ಎಂಬ ದೀಪ ಕೆಂಪಗಾಗಿದೆಯಾ ನೋಡಿ. ಆಗಿದ್ದರೆ ಬೆಳಕಿನ ಸಿಗ್ನಲ್ಲೇ ಮನೆಗೆ ಬರುತ್ತಿಲ್ಲ. ನೆಟ್ ಹೋದ ಸಮಯಗಳನ್ನು ಬರೆದಿಟ್ಟುಕೊಂಡು ಕಂಪನಿಗೆ ಫೋನ್ ಮಾಡಿ. ಸುಮ್ನೆ 'ನೆಟ್ ಬರ್ತಿಲ್ಲ' ಅನ್ನುವುದಕ್ಕಿಂತ ಇದಕ್ಕೆ ಬೆಲೆ ಜಾಸ್ತಿ.

ಎರಡೂ ಪಿಂಗ್ ಚೆನ್ನಾಗಿ ಓಡುತ್ತಿವೆ, ಆದರೂ ಬ್ರೌಸರಿನಲ್ಲಿ ಯಾವ ಸೈಟೂ ತೆರೆಯುತ್ತಿಲ್ಲ ಅಂದರೆ ಅನುಮಾನ ಡಿಎನ್‌ಎಸ್ ಮೇಲೆ. ಸೈಟಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ ಅದು. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಹಾಕಿ ನೋಡಿ.

ಆದರೆ ನೀವು ಹೇಳಿದ್ದನ್ನು ನೋಡಿದರೆ, ರೂಟರಿನ ಪಿಂಗ್ ಕೂಡ ನಿಲ್ಲುತ್ತದೆ ಎಂದು ನನಗೆ ಅನಿಸುತ್ತದೆ. ಅಂದರೆ ಕಂಪ್ಯೂಟರಿಗೂ ರೂಟರಿಗೂ ನಡುವೆಯೇ ಕೊಂಡಿ ತಪ್ಪುತ್ತಿದೆ. ನನ್ನ ಮನೆಯಲ್ಲಿ ಆದದ್ದೂ ಇದೇ. ಮೂರು ವಾರ ಒದ್ದಾಡಿದೆ. ಲೈನ್ ನೋಡುವವರು ಎರಡು ಸಲ ಬಂದು ಎಲ್ಲ ಸರಿ ಇದೆ ಎಂದು ಹೇಳಿ ಹೋದರು. ಒಂದು ಭಾನುವಾರ ಪೂರ್ತಿ ಕೂತು ವಿಂಡೋಸ್ ಹೊಸದಾಗಿ ಹಾಕಿದೆ. ಸಂಜೆಗೆ ಮತ್ತೆ ನೆಟ್ ಹೋಯಿತು. ಆಮೇಲೆ ಈ ಪರೀಕ್ಷೆ ಮಾಡಿದೆ. ರೂಟರಿನ ಪಿಂಗ್‌ನಲ್ಲೇ 'ಜನರಲ್ ಫೇಲ್ಯೂರ್' ಎಂಬ ಸಾಲುಗಳು ಬಂದವು. ಈಥರ್ನೆಟ್ (ಕೇಬಲ್ ಸಂಪರ್ಕದ) ಸೆಟ್ಟಿಂಗ್ಸ್ ತೆರೆದರೆ ಲಿಂಕ್ ಸ್ಪೀಡ್, ಅಂದರೆ ಕಂಪ್ಯೂಟರಿಗೂ ರೂಟರಿಗೂ ನಡುವಿನ ವೇಗ, 1000 ಇರಬೇಕಾದ ಕಡೆ 100 ಇತ್ತು.

ಈ ಸಂಖ್ಯೆ ಬಹಳ ಹೇಳುತ್ತದೆ. ನೆಟ್‌ವರ್ಕ್ ಕೇಬಲ್ಲಿನೊಳಗೆ ಎಂಟು ತಂತಿಗಳು ನಾಲ್ಕು ಜೋಡಿಯಾಗಿ ಹೆಣೆದುಕೊಂಡಿರುತ್ತವೆ. 100 ಎಂಬಿಪಿಎಸ್‌ಗೆ (ಸೆಕೆಂಡಿಗೆ ಮೆಗಾಬಿಟ್) ಎರಡು ಜೋಡಿ ಸಾಕು. 1000ಕ್ಕೆ ನಾಲ್ಕೂ ಬೇಕು. 100ಕ್ಕೆ ಬೇಡದ ಒಂದು ಜೋಡಿ ಕೆಟ್ಟರೆ ಉಳಿದವುಗಳ ಮೇಲೆ ಕಂಪ್ಯೂಟರ್ 100ಕ್ಕೆ ಇಳಿದು ಹೇಗೋ ನಡೆಸುತ್ತದೆ. ಕೇಬಲ್ ಸ್ವಲ್ಪ ಅಲುಗಾಡಿದರೆ ಅದೂ ಹೋಗುತ್ತದೆ. ನನ್ನ ಕೇಬಲ್ ಬೀರುವಿನ ಕಾಲಿನ ಕೆಳಗೆ ಸಿಕ್ಕಿ ಚಪ್ಪಟೆಯಾಗಿತ್ತು. ಹೊಸ ಕೇಬಲ್ ಹಾಕಿದ ಮೇಲೆ 1000 ತೋರಿಸಿತು. ಅಂದಿನಿಂದ ಒಂದು ಸಲವೂ ಸಂಪರ್ಕ ಹೋಗಿಲ್ಲ. ಕೆಲವು ಹಳೆಯ ರೂಟರುಗಳ ಪೋರ್ಟ್ ಇರುವುದೇ 100ಕ್ಕೆ, ಅಂಥ ಕಡೆ ಈ ಲೆಕ್ಕ ನಡೆಯುವುದಿಲ್ಲ. ಆಗ ನೇರವಾಗಿ ಬೇರೆ ಕೇಬಲ್ ಹಾಕಿ, ರೂಟರಿನ ಪೋರ್ಟನ್ನೂ ಬದಲಿಸಿ ನೋಡಿ. ಪಿನ್ ಹಾಕಿದಾಗ 'ಟಕ್' ಎಂದು ಕೂರಬೇಕು. ಆ ಪ್ಲಾಸ್ಟಿಕ್ ಕೊಕ್ಕೆ ಮುರಿದಿದ್ದರೆ ಕೇಬಲ್ ಸಡಿಲವಾಗಿಯೇ ಇರುತ್ತದೆ.

ನೀವು ಕೇಬಲ್ ಹಾಕಿದ್ದೀರಾ ವೈಫೈ ಬಳಸುತ್ತೀರಾ ಎಂದು ಹೇಳಿಲ್ಲ. ವೈಫೈ ಆದರೆ, ಸಾಧ್ಯವಿದ್ದರೆ ಒಂದು ದಿನ ಕೇಬಲ್ ಹಾಕಿ ನೋಡಿ. ಕೇಬಲ್ಲಿನಲ್ಲಿ ಸರಿ ಹೋದರೆ ತೊಂದರೆ ವೈಫೈಯದು. ಯುಎಸ್‌ಬಿ ವೈಫೈ ಡಾಂಗಲ್ ಇದ್ದರೆ ಅದು ಎಲ್ಲಿ ಚುಚ್ಚಿದೆ ನೋಡಿ. ಯುಎಸ್‌ಬಿ 3.0 ಪೋರ್ಟುಗಳು ಮತ್ತು ಹಾರ್ಡ್ ಡಿಸ್ಕುಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಹೊರಡಿಸುತ್ತವೆ. ವೈಫೈ ಬಳಸುವ ಒಂದು ಬ್ಯಾಂಡ್ ಕೂಡ ಅದೇ. ಡಾಂಗಲ್ಲನ್ನು ಒಂದು ಎಕ್ಸ್‌ಟೆನ್ಶನ್ ವೈರಿನಲ್ಲಿ ದೂರ ಇಟ್ಟರೆ ಎಷ್ಟೋ ಸಲ ಅಲ್ಲಿಗೇ ಸರಿಯಾಗುತ್ತದೆ. ಮೈಕ್ರೋವೇವ್ ಒವನ್ ಕೂಡ ಇದೇ ಬ್ಯಾಂಡಿಗೆ ತೊಂದರೆ ಕೊಡುತ್ತದೆ. ರೂಟರ್ ಹತ್ತಿರದಲ್ಲೇ ಇದ್ದರೆ 5 ಗಿಗಾಹರ್ಟ್ಸ್ ಬ್ಯಾಂಡಿನ ವೈಫೈ ಹೆಸರಿಗೆ ಕನೆಕ್ಟ್ ಮಾಡಿಕೊಳ್ಳಿ.

ಇನ್ನೊಂದು, ಇದನ್ನು ಬಹಳ ಜನ ನೋಡುವುದೇ ಇಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಅಡಾಪ್ಟರ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಪವರ್ ಮ್ಯಾನೇಜ್‌ಮೆಂಟ್ ಎಂಬ ಭಾಗ ಸಿಗುತ್ತದೆ. ಕರೆಂಟ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಅರ್ಥದ ಸಾಲಿನ ಮುಂದೆ ಟಿಕ್ ಇದ್ದರೆ ತೆಗೆಯಿರಿ.

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿರುವ ನೆಟ್‌ವರ್ಕ್ ರೀಸೆಟ್ ಎಂಬ ಗುಂಡಿಯನ್ನು ಕೊನೆಗೆ ಇಟ್ಟುಕೊಳ್ಳಿ. ಅದು ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳನ್ನು ಅಳಿಸುತ್ತದೆ. ವಿಪಿಎನ್ ಇದ್ದರೆ ಅದನ್ನೂ ಮತ್ತೆ ಹಾಕಿಕೊಳ್ಳಬೇಕಾಗಬಹುದು.

ನೆಟ್ ಹೋದ ಕ್ಷಣದಲ್ಲಿ ಎರಡೂ ಪಿಂಗ್‌ಗಳು ಏನು ತೋರಿಸಿದವು, ಕೇಬಲ್ಲೋ ವೈಫೈಯೋ, ಲಿಂಕ್ ಸ್ಪೀಡ್ ಎಷ್ಟು, ಇಷ್ಟನ್ನು ಬರೆದು ತಿಳಿಸಿ. ಅಲ್ಲಿಂದ ಮುಂದಕ್ಕೆ ಒಟ್ಟಿಗೆ ನೋಡೋಣ.