ಎಂಜಿನ್ ಹೊಸದು, ವೈರಿಂಗ್ ಯಾರದು?

ಪ್ರಶ್ನೆ: ನನ್ನ ಹತ್ತಿರ 1991ರ ಮಾಜ್ದಾ ಮಿಯಾಟಾ ಕಾರು ಇದೆ. 1.6 ಲೀಟರ್ ಎಂಜಿನ್, ಮ್ಯಾನ್ಯುಯಲ್ ಗೇರ್. ಎಂಜಿನ್ ಆಯಿಲ್ ಕುಡಿಯಲು ಶುರುಮಾಡಿದ ಮೇಲೆ ಗುಜರಿಯಿಂದ 1995ರ ಮಿಯಾಟಾದ 1.8 ಎಂಜಿನ್ ತಂದೆ. ಅದರ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಮತ್ತು ಕತ್ತರಿಸದ ವೈರಿಂಗ್ ಕೂಡ ಸಿಕ್ಕಿದೆ. ಒಬ್ಬ ಗೆಳೆಯ “ಹಳೇ ವೈರಿಂಗ್, ಹಳೇ ಇಸಿಯುನೇ ಇಟ್ಕೊ, ಓಡುತ್ತೆ” ಅಂತಾನೆ. ಇನ್ನೊಬ್ಬ ಬಣ್ಣ ನೋಡಿ ಜೋಡಿಸಿಬಿಡು ಅಂತಾನೆ. ಹಳೇ ಕಪ್ಲರ್‌ಗಳಲ್ಲಿ (ತಂತಿ ಜೋಡಿಸುವ ಪ್ಲಗ್ಗುಗಳಲ್ಲಿ) ಕೆಲವು ಹೊಸ ಎಂಜಿನ್‌ಗೆ ಕೂರುತ್ತವೆ, ಕೆಲವು ಕೂರುವುದಿಲ್ಲ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಮೊದಲನೆಯ ಗೆಳೆಯ ಸುಳ್ಳು ಹೇಳಿಲ್ಲ ಸ್ವಾಮಿ. 1.6ರ ವೈರಿಂಗ್, ಇಸಿಯು, ಗಾಳಿ ಅಳೆಯುವ ಮೀಟರ್, ಕಿಡಿಗೆ ಕರೆಂಟು ಕೊಡುವ ಕಾಯಿಲ್ ಎಲ್ಲವನ್ನೂ ಹಾಗೇ ಉಳಿಸಿಕೊಂಡು 1.8 ಎಂಜಿನ್ ಓಡಿಸುವವರು ಬೇಕಾದಷ್ಟಿದ್ದಾರೆ. ಒಳಗೆ ಬಂದ ಗಾಳಿಯನ್ನು ಅಳೆದು ಅದಕ್ಕೆ ತಕ್ಕ ಪೆಟ್ರೋಲ್ ಕೊಡುವ ಪದ್ಧತಿ ಅದು. 1597 ಸಿಸಿ ಎಂಜಿನ್ ಇದ್ದ ಜಾಗದಲ್ಲಿ 1839 ಸಿಸಿ ಎಂಜಿನ್ ಉಸಿರೆಳೆದರೂ ಇಸಿಯು ಮೀಟರ್ ಹೇಳಿದ್ದನ್ನೇ ನಂಬುತ್ತದೆ. ನಮ್ಮ ಮಿಷಿಗನ್‌ನಲ್ಲಿ ಹೊಗೆ ಪರೀಕ್ಷೆ ಇಲ್ಲ. ಇಲ್ಲಿ ಅಂಥ ಕಾರುಗಳು ಆರಾಮಾಗಿ ಓಡಾಡುವುದನ್ನು ನೋಡಿದ್ದೇನೆ.

ನೀವಿರುವ ರಾಜ್ಯದ ಕಥೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಎಂಜಿನ್ ಬದಲಿಸಿದರೆ ಹೊಸ ಎಂಜಿನ್ ಕಾರಿನ ವರ್ಷದ್ದೇ ಆಗಿರಬೇಕು, ಇಲ್ಲವೇ ಅದಕ್ಕಿಂತ ಈಚಿನದಾಗಿರಬೇಕು. ಆ ಎಂಜಿನ್‌ನ ಹೊಗೆ ನಿಯಂತ್ರಣದ ಸಾಮಾನೆಲ್ಲ ಅದರ ಜೊತೆಗೇ ಬಂದು ಕೆಲಸ ಮಾಡುತ್ತಿರಬೇಕು. ಕಾರನ್ನು ಸ್ಮಾಗ್ ರೆಫರೀ, ಅಂದರೆ ಇಂಥ ಕಾರುಗಳ ಹೊಗೆ ಸಾಮಾನು ಪರಿಶೀಲಿಸುವವರ ಹತ್ತಿರ ತೋರಿಸಬೇಕು. 1.8ಕ್ಕೆ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವುದು) ಇದೆ, ನಿಮ್ಮ 1.6ಕ್ಕೆ ಇರಲಿಲ್ಲ. ಇಲ್ಲದ ವಾಲ್ವಿಗೆ ಹಳೇ ವೈರಿಂಗ್‌ನಲ್ಲಿ ತಂತಿ ಎಲ್ಲಿಂದ ಬರಬೇಕು, ಹಳೇ ಇಸಿಯು ಅದನ್ನು ಹೇಗೆ ಆಡಿಸಬೇಕು? ಅಲ್ಲಿಗೆ ಗೆಳೆಯನ ದಾರಿ ನಿಮಗೆ ಮುಚ್ಚಿತು. ನೀವು ತಂದದ್ದು 1995ರದ್ದಾಗಿದ್ದು ಒಳ್ಳೆಯದಾಯಿತು. 1996ರಿಂದ ಒಬಿಡಿ-2, ಅಂದರೆ ಕಾರು ತನ್ನ ದೋಷ ತಾನೇ ಪತ್ತೆಹಚ್ಚುವ ಹೊಸ ವ್ಯವಸ್ಥೆ ಬಂತು, ಸೆನ್ಸರ್‌ಗಳೂ ತಂತಿಗಳೂ ಇನ್ನಷ್ಟು. ಗುಜರಿಗೆ ಇನ್ನೊಮ್ಮೆ ಹೋಗಿ ಆ ಕಾರಿನ ಬಾನೆಟ್ ಕೆಳಗಿನ ಎಮಿಷನ್ ಸ್ಟಿಕರ್ ಕ್ಯಾಲಿಫೋರ್ನಿಯಾದ್ದೇ ಎಂದು ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ.

ಎರಡನೆಯ ಗೆಳೆಯನ ಮಾತನ್ನು ಕೇಳಲೇಬೇಡಿ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕೆಲಸ ಕಲಿಯುವಾಗ ನಾವೂ ಬಣ್ಣ ನೋಡಿಯೇ ತಂತಿ ಹಿಡಿಯುತ್ತಿದ್ದೆವು. ಲೈಟು, ಹಾರ್ನು ಅಷ್ಟೇ ಇದ್ದ ಗಾಡಿಗಳಿಗೆ ಅದು ಸಾಕಿತ್ತು. ಇಸಿಯು ಇರುವ ಕಾರಿನಲ್ಲಿ ನಾಲ್ಕು ವರ್ಷದ ಅಂತರದಲ್ಲಿ ಅದೇ ಬಣ್ಣ ಬೇರೆ ಕೆಲಸಕ್ಕೆ ಹೋಗಿರುತ್ತದೆ. ಕಪ್ಲರ್‌ನ ಆಕಾರವನ್ನೂ ನಂಬುವಂತಿಲ್ಲ. ಥ್ರಾಟಲ್‌ನ ಸೆನ್ಸರನ್ನೇ ತೆಗೆದುಕೊಳ್ಳಿ. ನಿಮ್ಮ ಹಳೇ ಕಾರಿನಲ್ಲಿ ಅದು ಬರೀ ಸ್ವಿಚ್ಚು: ಕಾಲು ತೆಗೆದಿದ್ದೀರಾ, ಪೂರ್ತಿ ಒತ್ತಿದ್ದೀರಾ, ಎರಡೇ ಸುದ್ದಿ. 1.8ರಲ್ಲಿ ಎಷ್ಟು ಒತ್ತಿದ್ದೀರಿ ಅನ್ನುವುದನ್ನು ಉದ್ದಕ್ಕೂ ಹೇಳುತ್ತಿರುತ್ತದೆ. ಕಾಯಿಲ್‌ನಲ್ಲೂ ಹಾಗೆಯೇ. 1.6ರಲ್ಲಿ ಇಗ್ನೈಟರ್ (ಕಾಯಿಲ್‌ನ ಕರೆಂಟನ್ನು ಆನ್-ಆಫ್ ಮಾಡುವುದು) ಬೇರೆ ಡಬ್ಬಿ, 1.8ರಲ್ಲಿ ಕಾಯಿಲ್‌ನ ಹೊಟ್ಟೆಯಲ್ಲೇ ಇದೆ. ಹಳೇ ಇಗ್ನೈಟರ್‌ನಿಂದ ಬಂದ ತಂತಿಯನ್ನು ಹೊಸ ಕಾಯಿಲ್‌ಗೆ ಕೊಟ್ಟೀರಿ ಜೋಕೆ.

ನನ್ನ ಲೆಕ್ಕ ಇಷ್ಟು. ವೈರಿಂಗ್ ಎಂಜಿನ್‌ನ ಸೊತ್ತಲ್ಲ, ಇಸಿಯುವಿನದು. ಇಸಿಯು 1995ರದ್ದು ಎಂದು ನಿಶ್ಚಯವಾದ ಮೇಲೆ ಅದರಿಂದ ಎಂಜಿನ್‌ವರೆಗಿನ ಪ್ರತಿ ತಂತಿಯೂ 1995ರದ್ದೇ ಇರಲಿ. ಹೆಡ್‌ಲೈಟ್, ವೈಪರ್, ಮೀಟರ್ ಬೋರ್ಡ್ ಎಲ್ಲ 1991ರದ್ದೇ ಉಳಿಯಲಿ. ಆಗ ಎರಡೂ ಸೇರುವ ಜಾಗ ಕೆಲವೇ: ಬ್ಯಾಟರಿಯ ನೇರ ಕರೆಂಟು, ಕೀ ತಿರುಗಿಸಿದಾಗ ಬರುವ ಕರೆಂಟು, ಸ್ಟಾರ್ಟರ್ ಸಿಗ್ನಲ್, ಆರ್‌ಪಿಎಂ ಮುಳ್ಳು, ಚೆಕ್ ಎಂಜಿನ್ ದೀಪ, ಎಸಿ ಇದ್ದರೆ ಅದು, ಮತ್ತೆ ಪೆಟ್ರೋಲ್ ಪಂಪ್. ಎರಡೂ ವರ್ಷದ ಮಾಜ್ದಾ ವೈರಿಂಗ್ ನಕ್ಷೆಗಳನ್ನು ಪಕ್ಕಪಕ್ಕ ಹರಡಿ, ಇಸಿಯುವಿನ ಒಂದೊಂದು ಪಿನ್ ಎಲ್ಲಿಗೆ ಹೋಗುತ್ತದೆಂದು ಬರೆದುಕೊಂಡು, ಮಲ್ಟಿಮೀಟರ್‌ನಲ್ಲಿ ಖಾತ್ರಿ ಮಾಡಿಕೊಂಡು ಆಮೇಲೆ ಕತ್ತರಿ ಹಿಡಿಯಿರಿ. ಬೇಸರದ ಕೆಲಸವೇ, ಎರಡು ಭಾನುವಾರ ಹೋಗಬಹುದು. ಹೋಗಲಿ ಬಿಡಿ.

ಪಂಪ್ ವಿಷಯವನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಹೆಚ್ಚು ಜನ ಮುಗ್ಗರಿಸುವುದು ಅಲ್ಲೇ. ನಿಮ್ಮ ಹಳೇ ಗಾಳಿ ಮೀಟರ್‌ನೊಳಗೆ ಒಂದು ಬಾಗಿಲಿದೆ. ಗಾಳಿ ಅದನ್ನು ತಳ್ಳಿದಾಗ ಒಳಗಿನ ಸ್ವಿಚ್ ಕೂಡಿ ಪಂಪಿನ ರಿಲೇಗೆ (ಪಂಪಿಗೆ ಕರೆಂಟು ಬಿಡುವ ಸ್ವಿಚ್ಚಿಗೆ) ಅರ್ಥ್ ಸಿಗುತ್ತದೆ. 1.8ರ ಮೀಟರ್ ಬಿಸಿ ತಂತಿಯದು, ಅದರಲ್ಲಿ ಈ ಸ್ವಿಚ್ಚೇ ಇಲ್ಲ. ರಿಲೇಗೆ ಅರ್ಥ್ ಕೊಡುವುದು ಇಸಿಯು. ಇದನ್ನು ಗಮನಿಸದೆ ಜೋಡಿಸಿದರೆ ಕೀ ತಿರುಗಿಸಿದಾಗ ಎಂಜಿನ್ ಹತ್ತಿಕೊಳ್ಳುತ್ತದೆ, ಕೀ ಬಿಟ್ಟ ಕೂಡಲೇ ಸಾಯುತ್ತದೆ. ಸ್ಟಾರ್ಟರ್ ತಿರುಗುವಷ್ಟು ಹೊತ್ತು ಮಾತ್ರ ರಿಲೇಗೆ ಇನ್ನೊಂದು ದಾರಿ ಇದೆ, ಅದಕ್ಕೇ ಹೀಗೆ. ಜನ ಇಂಜೆಕ್ಟರ್ ಬಿಚ್ಚುತ್ತಾರೆ, ಕಾಯಿಲ್ ಬದಲಿಸುತ್ತಾರೆ. ನೀವು ಎಂಜಿನ್ ಕೋಣೆಯ ಡಯಾಗ್ನೋಸಿಸ್ ಡಬ್ಬಿಯ ಮುಚ್ಚಳ ತೆಗೆದು, ಎಫ್/ಪಿ (ಪೆಟ್ರೋಲ್ ಪಂಪ್) ಮತ್ತು ಜಿಎನ್‌ಡಿ (ಅರ್ಥ್) ಎಂಬ ಪಿನ್‌ಗಳ ನಡುವೆ ತುಂಡು ತಂತಿ ಹಾಕಿ, ಕೀ ಆನ್ ಮಾಡಿ. ಪಂಪ್ ಗುಂಯ್‌ಗುಟ್ಟಿ, ಸ್ಟಾರ್ಟ್ ಮಾಡಿದ ಎಂಜಿನ್ ಸಾಯದೆ ಓಡಿದರೆ ಕಳ್ಳ ಸಿಕ್ಕ. ಹಳೇ ಮೀಟರ್‌ಗೆ ಹೋಗುತ್ತಿದ್ದ ರಿಲೇ ತಂತಿಯನ್ನು ಹೊಸ ಇಸಿಯುವಿನ ಪಂಪ್ ಪಿನ್‌ಗೆ ತನ್ನಿ. ಕೆಲವರು ಅದನ್ನು ಬಾಡಿಗೇ ಅರ್ಥ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಅಪಘಾತವಾಗಿ ಎಂಜಿನ್ ನಿಂತರೂ ಕೀ ಆನ್ ಇರುವವರೆಗೆ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ನಾನಂತೂ ಅಂಥ ಕಾರಿನಲ್ಲಿ ಕೂರುವುದಿಲ್ಲ.

ಎಂಜಿನ್ ಓಡಿದ ಮೇಲೆ ಅದೇ ಡಬ್ಬಿಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಪಿನ್ ಸೇರಿಸಿ, ಕಿಡಿ ಹಾರುವ ಟೈಮಿಂಗ್ 10 ಡಿಗ್ರಿಗೆ ಇಡಿ.

ಪ್ರಶ್ನೆ: ನನ್ನ 1992ರ ಮಿಯಾಟಾಗೂ 1995ರ ಎಂಜಿನ್ ಹಾಕಿಸಿದ್ದೇನೆ. ಎಲ್ಲ ಚೆನ್ನಾಗಿದೆ, ಆದರೆ ಆಯಿಲ್ ಪ್ರೆಶರ್ ಮುಳ್ಳು ಒಂದು ತುದಿಗೆ ಹೋಗಿ ನಿಂತುಬಿಡುತ್ತದೆ. ವೈರಿಂಗ್ ತಪ್ಪೇ?
— ಇನ್ನೊಬ್ಬ ಓದುಗರು, ಡೆಟ್ರಾಯಿಟ್

ಉತ್ತರ: ತಂತಿ ಸರಿಯಾಗಿಯೇ ಇರಬಹುದು, ತುದಿಯಲ್ಲಿರುವ ಸಾಮಾನು ಬೇರೆ. 1994ರವರೆಗೆ ಮಿಯಾಟಾದಲ್ಲಿ ನಿಜವಾದ ಪ್ರೆಶರ್ ಗೇಜ್ ಇತ್ತು. 1995ರಿಂದ ಮುಳ್ಳು ಹೆಸರಿಗಷ್ಟೇ. ಎಂಜಿನ್‌ನಲ್ಲಿರುವುದು ಪ್ರೆಶರ್ ಇದೆ, ಇಲ್ಲ ಎಂದು ಮಾತ್ರ ಹೇಳುವ ಸ್ವಿಚ್. ನಿಮ್ಮ ಹಳೇ ಗೇಜಿಗೆ ಆ ಹೊಸ ಸ್ವಿಚ್ ಸಿಕ್ಕಿದೆ. ಹಳೇ ಎಂಜಿನ್ ಇನ್ನೂ ಎಸೆದಿಲ್ಲದಿದ್ದರೆ ಅದರ ಸೆಂಡರ್ (ಪ್ರೆಶರ್ ಅಳೆದು ಗೇಜಿಗೆ ತಿಳಿಸುವ ಸಾಮಾನು) ಬಿಚ್ಚಿ ಇದಕ್ಕೆ ಹಾಕಿ. ಇಂಟೇಕ್ ಮ್ಯಾನಿಫೋಲ್ಡ್ ಕೆಳಗೆ, ಆಯಿಲ್ ಫಿಲ್ಟರ್ ಹತ್ತಿರ ಇರುತ್ತದೆ. ಕೈ ಹೋಗುವುದು ಕಷ್ಟ, ಎಂಜಿನ್ ತಣ್ಣಗಿದ್ದಾಗ ಕೆಳಗಿನಿಂದ ಪ್ರಯತ್ನಿಸಿ. ಫ್ರೀಮಾಂಟಿನವರೇ, ನಿಮ್ಮ ಎಂಜಿನ್ ಇನ್ನೂ ನೆಲದ ಮೇಲಿದೆಯಲ್ಲ, ಇದನ್ನು ಈಗಲೇ ಮುಗಿಸಿಕೊಳ್ಳಿ.